ಕೆರೆ ತುಂಬಿತು, ಕೊನೆಯ ಗದ್ದೆಗೆ ನೀರು ತಲುಪಿತೆ?

ದಿನನಿತ್ಯ ಬಳಸುವ ವಸ್ತುವಿನ ಬೆಲೆ ಅದು ಕೈತಪ್ಪಿದಾಗ ತಿಳಿಯುತ್ತದೆ ಎಂದು ಹಿರಿಯರು ಹೇಳುವುದುಂಟು. ವಿಶ್ವವಿದ್ಯಾಲಯಗಳ ವಿಷಯದಲ್ಲಿ ಈ ಮಾತು ನಮ್ಮ ಕಣ್ಣೆದುರಿಗೇ ನಿಜವಾದದ್ದು 2020ರಲ್ಲಿ. ಆ ವರ್ಷದ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಸೋಂಕನ್ನು ಜಾಗತಿಕ ಮಹಾಮಾರಿ ಎಂದು ಕರೆಯಿತು. ಮಾರ್ಚ್ 14ರಿಂದ ಕರ್ನಾಟಕದ ಕಾಲೇಜುಗಳು, ವಿಶ್ವವಿದ್ಯಾಲಯಗಳು ಒಂದು ವಾರದ ಮಟ್ಟಿಗೆಂದು ಮುಚ್ಚಿದವು. ಮಾರ್ಚ್ 24ರ ನಡುರಾತ್ರಿಯಿಂದ ಇಡೀ ದೇಶವೇ ಬಾಗಿಲು ಹಾಕಿಕೊಂಡಿತು. ಒಂದು ವಾರವೆಂದುಕೊಂಡ ರಜೆ ಎಂಟು ತಿಂಗಳಾಯಿತು. ರಾಜ್ಯದ ಪದವಿ ಕಾಲೇಜುಗಳು ಮತ್ತೆ ತೆರೆದದ್ದು ನವೆಂಬರ್ 17ರಂದು. ಮರುವರ್ಷ ಎರಡನೆಯ ಅಲೆ ಬಂದು ಅವುಗಳನ್ನು ಇನ್ನೊಮ್ಮೆ ಮುಚ್ಚಿಸಿತು.

ಈಗ ಆ ದಿನಗಳು ಹಿಂದೆ ಸರಿದಿವೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ತರಗತಿಗಳು ತುಂಬಿವೆ, ಘಟಿಕೋತ್ಸವಗಳು ನಡೆಯುತ್ತಿವೆ. ಆದರೆ ಆ ಕಾಲ ನಮ್ಮ ಮುಂದಿಟ್ಟ ಒಂದು ಪ್ರಶ್ನೆಗೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದಾಗ ನಿಜವಾಗಿ ಮುಚ್ಚಿಹೋದದ್ದು ಏನು? ಪಾಠವು ಮೊಬೈಲಿನ ಮೂಲಕ ಬಂದಿತು, ಪರೀಕ್ಷೆ ನಡೆಯಿತು, ಪದವಿ ದೊರೆಯಿತು, ವೈದ್ಯಕೀಯ ಸಂಶೋಧನೆಯಂತೂ ಹಿಂದೆಂದೂ ಕಾಣದ ವೇಗದಲ್ಲಿ ಸಾಗಿತು. ಹಾಗಿದ್ದ ಮೇಲೆ ನಷ್ಟವಾದದ್ದು ಏನು, ಮತ್ತು ಯಾರಿಗೆ? ಇದು ತಂತ್ರಜ್ಞಾನದ ಪ್ರಶ್ನೆ ಎಂದು ಹಲವರು ತಿಳಿದಿದ್ದಾರೆ. ನನಗಾದರೋ ಇದು ಮೊದಲಿಗೆ ನ್ಯಾಯದ ಪ್ರಶ್ನೆ ಎನಿಸುತ್ತದೆ. ಮಗನನ್ನೋ ಮಗಳನ್ನೋ ಕಾಲೇಜಿಗೆ ಕಳುಹಿಸುವ ಪ್ರತಿಯೊಂದು ಕುಟುಂಬವೂ ಇದನ್ನು ಒಮ್ಮೆ ನಿಧಾನವಾಗಿ ಯೋಚಿಸಬೇಕು.

ಓದುಗರೇ, ಈ ಪ್ರಶ್ನೆಯನ್ನು ಮಹಾನಗರದಲ್ಲಿ ನಿಂತು ಕೇಳುವುದರ ಬದಲು ಕಳ್ಳಂಬೆಳ್ಳದಲ್ಲಿ ನಿಂತು ಕೇಳೋಣ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಈ ಹೋಬಳಿ ಕೇಂದ್ರವನ್ನು ನಿಮ್ಮಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ಕಂಡಿರಬಹುದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಮಳೆಯನ್ನೇ ನಂಬಿ ಶೇಂಗಾ, ರಾಗಿ ಬೆಳೆಯುವ ಒಣನಾಡು. ಇಲ್ಲಿನ ಮಕ್ಕಳಿಗೆ ಉನ್ನತ ಶಿಕ್ಷಣ ಬಹುಕಾಲ ದೂರದ ಮಾತಾಗಿತ್ತು. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆಗೆ ಮನೆಗೆ ಮರಳಬಹುದಾದ ದೂರದಲ್ಲಿ ಸ್ನಾತಕೋತ್ತರ ತರಗತಿಗಳು ದೊರೆತವು. ಹೆಣ್ಣುಮಕ್ಕಳನ್ನು ಬೆಂಗಳೂರಿಗೆ ಕಳುಹಿಸಲು ಹಿಂಜರಿಯುತ್ತಿದ್ದ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ. ಕೋವಿಡ್ ಕೂಡ ಈ ನಾಡಿಗೆ ತಡವಾಗಿ ಬರಲಿಲ್ಲ. ತುಮಕೂರು ಜಿಲ್ಲೆಯ ಮೊದಲ ಕೋವಿಡ್ ಸಾವು ವರದಿಯಾದದ್ದು 2020ರ ಮಾರ್ಚ್ 27ರಂದು, ತೀರಿಕೊಂಡವರು ಶಿರಾದವರು.

ಕಳ್ಳಂಬೆಳ್ಳಕ್ಕೆ ಒಂದು ದೊಡ್ಡ ಕೆರೆಯಿದೆ. ಹೇಮಾವತಿಯ ನಾಲೆಯ ನೀರು ಈ ಕೆರೆಗೆ ಬಂದು, ಇಲ್ಲಿಂದ ಮುಂದೆ ಶಿರಾ ಕೆರೆಗೆ ಸಾಗುತ್ತದೆ. ನಮ್ಮ ಹಳೆಯ ಮೈಸೂರು ಸೀಮೆಯ ಕೆರೆಗಳ ವ್ಯವಸ್ಥೆಯಲ್ಲಿ ನೀರುಗಂಟಿ ಎಂಬ ಒಬ್ಬ ಕೆಲಸಗಾರನಿರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಕಾಲುವೆಯ ಉದ್ದಕ್ಕೂ ನಡೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳುವುದು ಅವನ ಹೊಣೆ. ಸುಗ್ಗಿಯಲ್ಲಿ ಅವನಿಗೆ ಪ್ರತಿ ಕಣದಿಂದಲೂ ಧಾನ್ಯದ ಪಾಲು ಸಲ್ಲುತ್ತಿತ್ತು. ಈ ಏರ್ಪಾಡನ್ನು ಮಾಡಿದ ಹಿರಿಯರಿಗೆ ಒಂದು ಸತ್ಯ ಚೆನ್ನಾಗಿ ಗೊತ್ತಿತ್ತು. ಕೆರೆ ತುಂಬಿದ ಮಾತ್ರಕ್ಕೆ ಅಚ್ಚುಕಟ್ಟು ಹಸಿರಾಗುವುದಿಲ್ಲ. ನೀರನ್ನು ತನ್ನ ಪಾಡಿಗೆ ಬಿಟ್ಟರೆ ತೂಬಿನ ಬಳಿಯ ಗದ್ದೆಗಳು ಕುಡಿದು ತಣಿಯುತ್ತವೆ, ಕೊನೆಯ ಗದ್ದೆ ಬಿರುಕು ಬಿಡುತ್ತದೆ. ಯಾರೂ ಕಳ್ಳತನ ಮಾಡದೆಯೇ, ಯಾರೂ ಕೆಟ್ಟವರಾಗದೆಯೇ ಈ ಅನ್ಯಾಯ ನಡೆದುಹೋಗುತ್ತದೆ. ಅದನ್ನು ತಡೆಯಲು ಕಾಲುವೆಯ ಕೊನೆಯವರೆಗೂ ನಡೆದು ಹೋಗುವ ಒಬ್ಬ ಮನುಷ್ಯ ಬೇಕು.

ಮಹಾಮಾರಿಯ ಕಾಲದಲ್ಲಿ ಜ್ಞಾನದ ಕೆರೆಗೂ ಅಚ್ಚುಕಟ್ಟಿಗೂ ನಡುವೆ ನಡೆದದ್ದು ಇದೇ. ಮೊದಲು ಕೊನೆಯ ಗದ್ದೆಯ ಕಥೆಯನ್ನು ನೋಡೋಣ.

ತರಗತಿ ಎಂಬುದು ಒಂದು ವಿಚಿತ್ರವಾದ ಜಾಗ. ತಂದೆ ಅಧಿಕಾರಿಯಾಗಿರುವ ಹುಡುಗನೂ ತಾಯಿ ಕೂಲಿಗೆ ಹೋಗುವ ಹುಡುಗಿಯೂ ಅಲ್ಲಿ ಒಂದೇ ಅಳತೆಯ ಬೆಂಚಿನ ಮೇಲೆ ಕೂರುತ್ತಾರೆ. ಒಂದೇ ಕಪ್ಪುಹಲಗೆ, ಒಂದೇ ದೀಪ, ಒಂದೇ ಗ್ರಂಥಾಲಯದ ಮೇಜು. ಮನೆಯಲ್ಲಿ ಓದಲು ಒಂದು ಮೂಲೆಯೂ ಇಲ್ಲದ ಮಗುವಿಗೆ ದಿನದ ಆರು ಗಂಟೆಗಳ ಕಾಲ ಆ ಕೊಠಡಿಯೇ ಸ್ವಂತ ಕೊಠಡಿ. ನಾವು ಕಾಲೇಜಿನ ಶುಲ್ಕವನ್ನು ಲೆಕ್ಕ ಹಾಕುತ್ತೇವೆ, ಪಾಠದ ಗುಣಮಟ್ಟವನ್ನು ಚರ್ಚಿಸುತ್ತೇವೆ. ಆದರೆ ಕಾಲೇಜು ನಮ್ಮ ಬಡ ಮಕ್ಕಳಿಗೆ ಕೊಡುತ್ತಿದ್ದ ಈ ಸಮಾನ ಜಾಗವನ್ನು ಎಂದೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಾಗಿಲು ಮುಚ್ಚಿದ ದಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ತನ್ನ ಮನೆಗೆ ಮರಳಿದ. ಅಂದಿನಿಂದ ಅವನ ತರಗತಿ ಅವನ ಮನೆಯಷ್ಟೇ ದೊಡ್ಡದಾಯಿತು.

ಆ ಮನೆಗಳು ಹೇಗಿದ್ದವು? ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತು 2017-18ರಲ್ಲಿ ನಡೆಯಿತು. ಅದರ ಪ್ರಕಾರ ಭಾರತದ ನಗರಗಳಲ್ಲಿ ನೂರಕ್ಕೆ 23 ಮನೆಗಳಲ್ಲಿ ಕಂಪ್ಯೂಟರ್ ಇತ್ತು, ಹಳ್ಳಿಗಳಲ್ಲಿ ನೂರಕ್ಕೆ ನಾಲ್ಕು ಮನೆಗಳಲ್ಲಿ ಮಾತ್ರ. ಅಂತರ್ಜಾಲದ ಸೌಲಭ್ಯ ನಗರದಲ್ಲಿ ನೂರಕ್ಕೆ 42 ಮನೆಗಳಿಗಿದ್ದರೆ ಹಳ್ಳಿಗಳಲ್ಲಿ ಸುಮಾರು 15 ಮನೆಗಳಿಗಿತ್ತು. ಎರಡು ವರ್ಷಗಳ ನಂತರ ಬೀಗಮುದ್ರೆ ಬಿದ್ದಾಗ ಪಾಠಗಳೆಲ್ಲ ಈ ಸಣ್ಣ ಕಿಂಡಿಯ ಮೂಲಕವೇ ಹರಿಯಬೇಕಾಯಿತು. ಮನೆಗೊಂದು ಮೊಬೈಲು, ಅದು ಅಪ್ಪನ ಜೇಬಿನಲ್ಲಿ, ಓದುವವರು ಮೂವರು. ಸಂಕೇತ ಸಿಗಲೆಂದು ಮಾಳಿಗೆ ಹತ್ತಿದವರು, ಗುಡ್ಡ ಏರಿದವರು, ಮರದ ಕೆಳಗೆ ಕುಳಿತವರು ಮಲೆನಾಡಿನಲ್ಲೂ ಇದ್ದರು, ಬಯಲುಸೀಮೆಯಲ್ಲೂ ಇದ್ದರು. ಮನೆಯಲ್ಲಿರುವ ಮಗಳೆಂದರೆ ಕೆಲಸಕ್ಕೆ ಸಿಗುವ ಮಗಳು ಎಂಬ ನಮ್ಮ ಹಳೆಯ ರೂಢಿಯೂ ಅದರ ಜೊತೆಗೆ ಸೇರಿಕೊಂಡಿತು.

ಇಂಥ ಸ್ಥಿತಿಯಲ್ಲಿ ಪರೀಕ್ಷೆಯ ಪ್ರಶ್ನೆ ಎದ್ದಿತು. 2020ರ ಜುಲೈನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಅಂತಿಮ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ ಕೊನೆಯೊಳಗೆ ನಡೆಸಲೇಬೇಕೆಂದು ಹೇಳಿತು. ಕರ್ನಾಟಕ ಸರ್ಕಾರವು ಉಳಿದ ವರ್ಷಗಳ ವಿದ್ಯಾರ್ಥಿಗಳನ್ನು ಆಂತರಿಕ ಅಂಕ ಮತ್ತು ಹಿಂದಿನ ಸಾಧನೆಯ ಆಧಾರದ ಮೇಲೆ ತೇರ್ಗಡೆ ಮಾಡಲು ನಿರ್ಧರಿಸಿತು. ಅಂತಿಮ ಪರೀಕ್ಷೆಯ ವಿಚಾರ ಸುಪ್ರೀಂ ಕೋರ್ಟಿಗೆ ಹೋಯಿತು. ಆಗಸ್ಟ್ 28ರಂದು ನ್ಯಾಯಾಲಯವು ತೀರ್ಪು ನೀಡಿ, ರಾಜ್ಯಗಳು ಪರೀಕ್ಷೆಯನ್ನು ಮುಂದೂಡಲು ಅನುಮತಿ ಕೇಳಬಹುದು, ಆದರೆ ಪರೀಕ್ಷೆಯಿಲ್ಲದೆ ಅಂತಿಮ ಪದವಿ ನೀಡುವಂತಿಲ್ಲ ಎಂದಿತು.

ಈ ವಿವಾದದಲ್ಲಿ ಎರಡೂ ಕಡೆಯವರ ಮಾತಿನಲ್ಲಿ ನೀತಿಯ ಬಲವಿತ್ತು. ಪರೀಕ್ಷೆ ಬೇಕೆಂದವರು ಹೇಳಿದ್ದು ಇಷ್ಟು: ಪದವಿಪತ್ರವೆಂಬುದು ಸಮಾಜಕ್ಕೆ ಕೊಟ್ಟ ಮಾತು. ಅದನ್ನು ಅಳೆಯದೆ ಕೊಟ್ಟರೆ ಅದರ ಬೆಲೆ ಕುಸಿಯುತ್ತದೆ, ಮತ್ತು ಆ ಕುಸಿತದ ಪೆಟ್ಟು ಬೀಳುವುದು ಬೇರೆ ಯಾವ ಆಸರೆಯೂ ಇಲ್ಲದೆ ಪದವಿಯೊಂದನ್ನೇ ನಂಬಿದ ಬಡವನ ಮೇಲೆ. ಪರೀಕ್ಷೆ ಬೇಡವೆಂದವರು ಕೇಳಿದ್ದು ಹೀಗೆ: ಓದಲು ಸಮಾನ ಅವಕಾಶವನ್ನು ಕೊಡದೆ ಸಮಾನ ಪ್ರಶ್ನೆಪತ್ರಿಕೆಯನ್ನು ಕೊಡುವುದು ಯಾವ ನ್ಯಾಯ? ನೀರು ಹರಿಯದ ಗದ್ದೆಯಿಂದ ಫಸಲಿನ ಪಾಲು ಕೇಳಿದಂತಲ್ಲವೇ ಇದು?

ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಸರಿ. ಆದರೆ ಇಬ್ಬರೂ ಮಾತನಾಡುತ್ತಿದ್ದದ್ದು ಸುಗ್ಗಿಯ ದಿನದ ಬಗ್ಗೆ. ನಿಜವಾದ ಹೊಣೆ ಇದ್ದದ್ದು ಬಿತ್ತನೆಗೂ ಸುಗ್ಗಿಗೂ ನಡುವಿನ ತಿಂಗಳುಗಳಲ್ಲಿ. ಪರೀಕ್ಷೆ ಇರಬೇಕೋ ಬೇಡವೋ ಎಂದು ದೇಶವೇ ಚರ್ಚಿಸಿತು. ಆ ಆರು ತಿಂಗಳಲ್ಲಿ ಪಾಠ ಯಾರಿಗೆ ತಲುಪಿಲ್ಲ ಎಂದು ಹೆಸರು ಹಿಡಿದು ವಿಚಾರಿಸಿದವರು ಕೆಲವೇ ಮಂದಿ. ಹಾಗೆ ವಿಚಾರಿಸಿದ ಅಧ್ಯಾಪಕರು ನಮ್ಮಲ್ಲಿ ಇದ್ದರು. ಮುದ್ರಿತ ಟಿಪ್ಪಣಿಗಳನ್ನು ಬಸ್ಸಿನ ಚಾಲಕರ ಕೈಯಲ್ಲಿ ಕಳುಹಿಸಿದವರು, ರಾತ್ರಿ ಅಪ್ಪ ಮನೆಗೆ ಮರಳಿದ ಮೇಲೆ ಕರೆ ಮಾಡಿ ಪಾಠ ಹೇಳಿದವರು ನಿಮ್ಮ ಊರಿನಲ್ಲೂ ಇದ್ದಿರಬಹುದು. ಅವರನ್ನೇ ನಾನು ಆ ಕಾಲದ ನೀರುಗಂಟಿಗಳು ಎನ್ನುವುದು.

ಆ ದಿನಗಳಲ್ಲಿ ನ್ಯೂಟನ್ನನ ಉದಾಹರಣೆಯನ್ನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳಲಾಗುತ್ತಿತ್ತು. 1665ರಲ್ಲಿ ಪ್ಲೇಗ್ ಹಬ್ಬಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿದಾಗ ಆತ ವೂಲ್ಸ್‌ಥಾರ್ಪ್ ಎಂಬ ತನ್ನ ಹಳ್ಳಿಗೆ ಮರಳಿ, ಗಣಿತದಲ್ಲೂ ಬೆಳಕಿನ ಅಧ್ಯಯನದಲ್ಲೂ ಮಹತ್ತರವಾದ ಕೆಲಸವನ್ನು ಮಾಡಿದ ಎಂಬುದು ನಿಜ. ಆದರೆ ಆತ ಮರಳಿದ್ದು ತಾಯಿಯ ಜಮೀನಿನ ನಡುವಿನ ತೋಟದ ಮನೆಗೆ. ಅಲ್ಲಿ ಆತನಿಗೆ ಕೊಠಡಿಯಿತ್ತು, ಪುಸ್ತಕವಿತ್ತು, ಬಿಡುವಿತ್ತು. ಅದೇ ನ್ಯೂಟನ್ ಮೊದಲು ಟ್ರಿನಿಟಿ ಕಾಲೇಜಿಗೆ ಸೇರಿದ್ದು ಇತರರ ಸೇವೆ ಮಾಡಿ ಖರ್ಚು ತಗ್ಗಿಸಿಕೊಳ್ಳುವ ವರ್ಗದ ವಿದ್ಯಾರ್ಥಿಯಾಗಿ. ಅಂಥವನನ್ನೂ ಒಳಗೆ ಬಿಟ್ಟುಕೊಂಡ ಒಂದು ಕಾಲೇಜು ಮೊದಲು ಇತ್ತು. ಏಕಾಂತದ ಫಲ ಬಂದದ್ದು ಆನಂತರ. ಪ್ರತಿಭೆಯಿದ್ದವನು ಎಲ್ಲಿದ್ದರೂ ಬೆಳೆಯುತ್ತಾನೆ ಎಂಬ ಮಾತು ಕೇಳಲು ಇಂಪಾಗಿದೆ. ಹೊಣೆಯಿಂದ ನುಣುಚಿಕೊಳ್ಳಲು ಅದಕ್ಕಿಂತ ಸುಲಭವಾದ ಮಾತು ಇನ್ನೊಂದಿಲ್ಲ.

ಇನ್ನು ಕೆರೆ ತುಂಬಿದ ಕಥೆ. ಸಂಶೋಧನೆಯ ಲೋಕದಲ್ಲಿ ಆ ವರ್ಷ ನಡೆದದ್ದು ಇದಕ್ಕೆ ತೀರ ವಿರುದ್ಧವಾದದ್ದು. ತರಗತಿಯ ಬಾಗಿಲುಗಳು ಮುಚ್ಚುತ್ತಿದ್ದಾಗ ಪ್ರಯೋಗಾಲಯಗಳ ಬಾಗಿಲುಗಳು ಒಂದಕ್ಕೊಂದು ತೆರೆದುಕೊಂಡವು. 2020ರ ಜನವರಿ 11ರಂದು ಚೀನಾದ ವಿಜ್ಞಾನಿ ಜಾಂಗ್ ಯೋಂಗ್‌ಜೆನ್ ಅವರ ತಂಡ ಗುರುತಿಸಿದ ವೈರಾಣುವಿನ ವಂಶವಾಹಿ ರಚನೆ ಇಡೀ ಜಗತ್ತಿಗೆ ಬಹಿರಂಗವಾಯಿತು. ಅದನ್ನು ಓದಿಯೇ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಲಸಿಕೆಯ ಕೆಲಸಕ್ಕೆ ತೊಡಗಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿದ ಲಸಿಕೆ ಪುಣೆಯಲ್ಲಿ ತಯಾರಾಗಿ, ಕೋವಿಶೀಲ್ಡ್ ಎಂಬ ಹೆಸರಿನಿಂದ ನಮ್ಮ ಹಳ್ಳಿಗಳ ಆರೋಗ್ಯ ಕೇಂದ್ರಗಳನ್ನು ತಲುಪಿತು. ಭಾರತದಲ್ಲಿ ಲಸಿಕಾ ಅಭಿಯಾನ ಆರಂಭವಾದದ್ದು 2021ರ ಜನವರಿ 16ರಂದು, ವಂಶವಾಹಿ ರಚನೆ ಬಹಿರಂಗವಾಗಿ ಒಂದು ವರ್ಷ ಐದು ದಿನಗಳಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದು ತಂಡ ದೇಶದಲ್ಲೇ ಸಿಗುವ ಬಿಡಿಭಾಗಗಳಿಂದ ಕೃತಕ ಉಸಿರಾಟದ ಯಂತ್ರ ರೂಪಿಸಲು ಶ್ರಮಿಸಿತು. ನಿಮ್ಹಾನ್ಸ್‌ನಲ್ಲಿ ವೈರಾಣುವಿನ ರೂಪಾಂತರಗಳ ಅಧ್ಯಯನ ನಡೆಯಿತು.

ಆದರೆ ವೇಗಕ್ಕೂ ಒಂದು ಬೆಲೆಯಿದೆ. ಸಹ ವಿದ್ವಾಂಸರ ಪರಿಶೀಲನೆಗೆ ಕಾಯದೆ ಪ್ರಬಂಧಗಳನ್ನು ಬಹಿರಂಗಪಡಿಸುವ ರೂಢಿ ಆಗ ಬಹಳ ಬೆಳೆಯಿತು. ಪರಿಶೀಲನೆ ನಡೆದಲ್ಲಿಯೂ ಅವಸರ ಕಣ್ಣು ಮಸುಕುಗೊಳಿಸಿತು. 2020ರ ಮೇ 22ರಂದು ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯು ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿಯಿಂದ ಅಪಾಯವಿದೆ ಎಂಬ ಪ್ರಬಂಧವನ್ನು ಪ್ರಕಟಿಸಿತು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆಯು ಆ ಔಷಧಿಯ ಮೇಲಿನ ತನ್ನ ಪ್ರಯೋಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಎರಡೇ ವಾರಗಳಲ್ಲಿ, ಜೂನ್ 4ರಂದು, ಪ್ರಬಂಧದ ಮೂಲ ಅಂಕಿಅಂಶಗಳನ್ನು ಸ್ವತಂತ್ರವಾಗಿ ಪರಿಶೀಲಿಸಲಾಗದ ಕಾರಣ ಅದನ್ನು ಹಿಂದಕ್ಕೆ ಪಡೆಯಲಾಯಿತು. ಅದೇ ಔಷಧಿಯಿಂದ ಆಸ್ಪತ್ರೆಯ ರೋಗಿಗಳಿಗೆ ಪ್ರಯೋಜನವಿಲ್ಲ ಎಂಬುದನ್ನು ಮರುದಿನವೇ ಬ್ರಿಟನ್ನಿನ ರಿಕವರಿ ಪ್ರಯೋಗ ತಿಳಿಸಿತು. ಜೂನ್ 16ರಂದು ಅದೇ ಪ್ರಯೋಗ, ಅಗ್ಗವಾದ ಹಳೆಯ ಔಷಧಿ ಡೆಕ್ಸಾಮೆಥಾಸೋನ್, ಉಸಿರಾಟದ ಯಂತ್ರದ ಮೇಲಿದ್ದ ರೋಗಿಗಳ ಸಾವನ್ನು ಮೂರನೆಯ ಒಂದು ಭಾಗದಷ್ಟು ತಗ್ಗಿಸುತ್ತದೆ ಎಂದು ತೋರಿಸಿತು. ಎರಡೂ ಅವಸರದ ಕಾಲದಲ್ಲೇ ನಡೆದ ಕೆಲಸಗಳು. ಒಂದರ ಹಿಂದೆ ಯಾರೂ ನೋಡಲಾಗದ ಅಂಕಿಗಳಿದ್ದವು. ಇನ್ನೊಂದರ ಹಿಂದೆ 170ಕ್ಕೂ ಹೆಚ್ಚು ಆಸ್ಪತ್ರೆಗಳ, ಆ ಹೊತ್ತಿಗೆ 11,000ಕ್ಕೂ ಹೆಚ್ಚು ರೋಗಿಗಳ ಸಹಕಾರವಿತ್ತು.

ಆ ರೋಗಿಗಳನ್ನು ಕುರಿತು ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಉಸಿರು ಕಟ್ಟುತ್ತಿದ್ದ ಹೊತ್ತಿನಲ್ಲಿ, ತಮಗೆ ಲಾಭವಾಗುತ್ತದೆಯೋ ಇಲ್ಲವೋ ತಿಳಿಯದೆ, ಅವರು ಪ್ರಯೋಗಕ್ಕೆ ಒಪ್ಪಿದರು. ಅವರಲ್ಲಿ ಅನೇಕರು ಬದುಕಲಿಲ್ಲ. ಅವರ ಪರಿಚಯವೇ ಇಲ್ಲದ ನಮ್ಮ ಜಿಲ್ಲಾ ಆಸ್ಪತ್ರೆಯ ರೋಗಿಗೆ ಆ ತಿಳಿವು ನೆರವಾಯಿತು. ಜ್ಞಾನವೆಂಬ ಕೆರೆಗೆ ಇಂಥ ಹೆಸರಿಲ್ಲದ ಹಳ್ಳಗಳು ನೀರು ತರುತ್ತವೆ. ಆದುದರಿಂದ ಅದು ಯಾವುದೇ ಒಂದು ಸಂಸ್ಥೆಯ, ದೇಶದ, ವರ್ಗದ ಸೊತ್ತಲ್ಲ. ಎಲ್ಲರೂ ತುಂಬಿದ ಕೆರೆಯಿಂದ ಕೆಲವರ ಗದ್ದೆಗೆ ಮಾತ್ರ ನೀರು ಹರಿದರೆ ಅದನ್ನು ದುರದೃಷ್ಟವೆಂದು ಸುಮ್ಮನಿರಲಾಗದು. ಅದು ಸಾಲ ತೀರಿಸದ ತಪ್ಪು.

ಆ ವರ್ಷ ಎಲ್ಲ ಸಂಶೋಧನೆಯೂ ವೇಗವಾಗಿ ಓಡಲಿಲ್ಲ ಎಂಬುದನ್ನೂ ಮರೆಯಬಾರದು. ಕೋವಿಡ್ ಕುರಿತದ್ದು ಓಡಿತು, ಉಳಿದದ್ದು ನಿಂತಿತು. ನಮ್ಮ ಈ ಸೀಮೆಯನ್ನೇ ನೋಡಿ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕಾಡುಗೊಲ್ಲರ ಹಿರಿಯರ ಬಾಯಲ್ಲಿ ಜುಂಜಪ್ಪನ ಕಾವ್ಯವಿದೆ. ಇಂಥ ವಿಷಯಗಳನ್ನು ಕುರಿತು ಮಹಾಪ್ರಬಂಧ ಬರೆಯುವ ವಿದ್ಯಾರ್ಥಿ ಊರಿನಿಂದ ಊರಿಗೆ ತಿರುಗಲೇಬೇಕು. ಕೊಕ್ಕರೆಗಳು ಬೀಗಮುದ್ರೆಗಾಗಿ ಕಾಯುವುದಿಲ್ಲ. ಮುಂಗಾರಿಗೆ ಮೊದಲು ಒಮ್ಮೆ, ಅನಂತರ ಒಮ್ಮೆ ಬಾವಿಯ ನೀರನ್ನು ಅಳೆಯಬೇಕಾದವನಿಗೆ ಒಂದು ಋತು ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. ತೊಂಬತ್ತರ ಗಾಯಕ ತೀರಿಕೊಂಡರೆ ಅವನು ಹಾಡದೆ ಉಳಿದ ಭಾಗ ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ. ಅನುದಾನ ಆಯೋಗವು ಮಹಾಪ್ರಬಂಧ ಸಲ್ಲಿಸುವ ಅವಧಿಯನ್ನು ಆರು ತಿಂಗಳು ವಿಸ್ತರಿಸಿತು, ಆಮೇಲೆ ಇನ್ನಷ್ಟು ವಿಸ್ತರಿಸಿತು. ಅದು ಸರಿಯಾದ ಕ್ರಮವೇ. ಆದರೆ ಗಡುವನ್ನು ವಿಸ್ತರಿಸಬಹುದು, ಕಳೆದ ಮಳೆಗಾಲವನ್ನು ಹಿಂದಕ್ಕೆ ಕರೆಯಲಾಗದು. ಮನೆಯ ಮಕ್ಕಳ, ವೃದ್ಧರ ಆರೈಕೆಯ ಭಾರ ಹೊತ್ತ ಸಂಶೋಧಕಿಯರ ಬರವಣಿಗೆ ಮೊದಲ ಅಲೆಯ ತಿಂಗಳುಗಳಲ್ಲಿ ಪುರುಷರಿಗೆ ಹೋಲಿಸಿದರೆ ಹಿಂದೆ ಬಿದ್ದಿತೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇದಕ್ಕೆ ಯಾವ ಆದೇಶವೂ ಪರಿಹಾರ ಕೊಡಲಿಲ್ಲ.

ಹೀಗೆಂದ ಮಾತ್ರಕ್ಕೆ ಆ ಕಾಲ ಕಲಿಸಿದ್ದನ್ನೆಲ್ಲ ತಳ್ಳಿಹಾಕಬೇಕೆಂದು ನಾನು ಹೇಳುತ್ತಿಲ್ಲ. ಇಂದು ಮಹಾಪ್ರಬಂಧದ ಮೌಖಿಕ ಪರೀಕ್ಷೆ ದೂರದ ಪರೀಕ್ಷಕರ ಜೊತೆ ವಿಡಿಯೊ ಮೂಲಕ ನಡೆಯಬಹುದು. 2021ರಲ್ಲಿ ಅನುದಾನ ಆಯೋಗವು ಒಂದು ಅವಧಿಯ ಪಠ್ಯದಲ್ಲಿ ನೂರಕ್ಕೆ 40ರಷ್ಟನ್ನು ಸ್ವಯಂ ಎಂಬ ಅಂತರ್ಜಾಲ ವೇದಿಕೆಯ ಮೂಲಕ ಕಲಿಯಲು ಅವಕಾಶ ಮಾಡಿತು. ಬೆಂಗಳೂರಿನಲ್ಲಿ ನಡೆಯುವ ಉಪನ್ಯಾಸವನ್ನು ಕಳ್ಳಂಬೆಳ್ಳದ ವಿದ್ಯಾರ್ಥಿನಿ ತನ್ನ ಮನೆಯಲ್ಲಿ ಕುಳಿತು ಕೇಳಬಹುದು. ಇದು ದೊಡ್ಡ ಲಾಭ. ಕೇಳಬಹುದು ಎಂಬುದಕ್ಕೂ ಕೇಳುತ್ತಿದ್ದಾಳೆ ಎಂಬುದಕ್ಕೂ ನಡುವೆ ಇರುವ ಅಂತರವನ್ನು ನೋಡುವುದಷ್ಟೇ ನಮ್ಮ ಕೆಲಸ. ತೂಬು ತೆರೆದಿದೆ ಎಂದು ವರದಿ ಬರೆದು ಮನೆಗೆ ಹೋಗುವವನು ನೀರುಗಂಟಿಯಲ್ಲ.

ಈ ಅಂತರವನ್ನು ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. 2020ರ ಈಸ್ಟರ್ ಹಬ್ಬದಂದು ದೇವಾಲಯಗಳು ಮುಚ್ಚಿದ್ದವು. ಜೂನ್ 8ರವರೆಗೂ ತೆರೆಯಲಿಲ್ಲ. ನಾವು ಟಿವಿಯ ಮುಂದೆ, ಮೊಬೈಲಿನ ಮುಂದೆ ಕುಳಿತು ಪ್ರಾರ್ಥಿಸಿದೆವು. ಅದು ನಮಗೆ ಆಧಾರವಾಯಿತು. ಹಾಗಿದ್ದರೂ ಪಕ್ಕದ ಪೀಠದಲ್ಲಿ ಯಾರಿಲ್ಲ, ಯಾರು ಎರಡು ವಾರಗಳಿಂದ ಬಂದಿಲ್ಲ, ಯಾರ ಮುಖ ಬಾಡಿದೆ ಎಂಬುದು ಪರದೆಯ ಮೇಲೆ ಕಾಣಲಿಲ್ಲ. ಕೂಡಿ ಸೇರುವುದರಲ್ಲಿ ಇರುವ ಗುಟ್ಟು ಇದೇ. ಬಾರದವನು ಯಾರೆಂದು ತಿಳಿಯುವುದು ಕೂಡಿದಾಗ ಮಾತ್ರ. ಒಳ್ಳೆಯ ಅಧ್ಯಾಪಕನೂ ತರಗತಿಗೆ ಬಂದೊಡನೆ ಖಾಲಿ ಜಾಗಗಳ ಕಡೆಗೆ ಮೊದಲು ನೋಡುತ್ತಾನೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ನಿಮ್ಮ ಬೀದಿಯಲ್ಲಿ 2020, 2021ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟ ಯುವಕ ಯುವತಿಯರು ಇದ್ದಾರೆಯೇ ಎಂದು ವಿಚಾರಿಸಿ. ಅವರಿಗೆ ಈಗ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಕಾರ್ಖಾನೆಯಲ್ಲೋ ಅಂಗಡಿಯಲ್ಲೋ ದುಡಿಯುತ್ತಿರಬಹುದು, ಮದುವೆಯಾಗಿರಬಹುದು. ದೂರಶಿಕ್ಷಣದ ಮೂಲಕ ಉಳಿದ ಓದನ್ನು ಮುಗಿಸಲು ದಾರಿಯಿದೆ ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಆ ವರ್ಷಗಳಲ್ಲಿ ಪದವಿ ಪಡೆದವರನ್ನು ಕೊರೋನಾ ಬ್ಯಾಚು ಎಂದು ಹಾಸ್ಯ ಮಾಡುವುದನ್ನು ಬಿಡೋಣ. ಮಾಳಿಗೆಯ ಮೇಲೆ ಕುಳಿತು ಓದಿದವರ ಪದವಿ ನಮ್ಮ ಪದವಿಗಿಂತ ಹಗುರವಾದದ್ದಲ್ಲ. ಧರ್ಮಕೇಂದ್ರದ ಸಭಾಂಗಣ ವಾರದಲ್ಲಿ ಆರು ದಿನ ಬೀಗ ಹಾಕಿಕೊಂಡಿರುವ ಕಡೆ, ಸಂಜೆ ಎರಡು ಗಂಟೆ ದೀಪ ಹಚ್ಚಿ ನಾಲ್ಕು ಮೇಜು ಹಾಕಿದರೆ ಅದು ಯಾವ ಮತದ ಮಗುವಿಗಾದರೂ ಓದುವ ಜಾಗವಾಗುತ್ತದೆ. ಮನೆಯಲ್ಲಿ ಮೊಬೈಲು ಒಂದೇ ಇದ್ದರೆ ಅದು ಮಗಳ ಕೈಗೆ ಎಷ್ಟು ಹೊತ್ತು, ಮಗನ ಕೈಗೆ ಎಷ್ಟು ಹೊತ್ತು ಎಂಬುದನ್ನು ಈ ಸಂಜೆಯೇ ಲೆಕ್ಕ ಹಾಕಿ ನೋಡಿ. ವಿಶ್ವವಿದ್ಯಾಲಯದ ನ್ಯಾಯವೂ ಅನ್ಯಾಯವೂ ಮೊದಲು ಆರಂಭವಾಗುವುದು ನಮ್ಮ ಜಗಲಿಯಲ್ಲಿ.

ಮಹಾಮಾರಿ ಮತ್ತೊಮ್ಮೆ ಬರಬಹುದು, ಬಾರದೆಯೂ ಇರಬಹುದು. ಬಂದರೆ ಸಂಶೋಧಕರು ಇನ್ನೂ ಬೇಗ ಔಷಧಿ ಕಂಡುಹಿಡಿಯುತ್ತಾರೆ ಎಂಬ ಭರವಸೆ ನನಗಿದೆ. ಆಗ ಕಾಲೇಜಿನ ಬಾಗಿಲು ಮುಚ್ಚುವ ಮೊದಲು, ಯಾವ ಮಗುವಿನ ಮನೆಯಲ್ಲಿ ಏನಿಲ್ಲ ಎಂಬ ಪಟ್ಟಿ ಯಾರ ಬಳಿಯಾದರೂ ಇರುತ್ತದೆಯೇ? ಆ ಪಟ್ಟಿಯನ್ನು ಬರೆಯಲು ರೋಗ ಬರುವವರೆಗೆ ಕಾಯಬೇಕಾಗಿಲ್ಲ.